ತಾಮ್ರದ ತಂತಿಯೊಳಗೆ ಪರಮಾಣುಗಳನ್ನು ಹಿಡಿದಿಟ್ಟಿರುವುದು ಏನು? ಲೋಹೀಯ ಬಂಧದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವಾಗ ಅಯಾನಿಕ ಬಂಧಕ್ಕೆ ಎರಡು ಮೂರು ತರಗತಿ ಸಿಗುತ್ತದೆ, ಸಹವೇಲೆನ್ಸೀಯ ಬಂಧಕ್ಕೆ ವಾರಗಟ್ಟಲೆ ಸಿಗುತ್ತದೆ. ಲೋಹೀಯ ಬಂಧ ಅರ್ಧ ಪುಟದಲ್ಲಿ ಮುಗಿದುಹೋಗುತ್ತದೆ. ಗೊತ್ತಿರುವ ಮೂಲವಸ್ತುಗಳಲ್ಲಿ ಸುಮಾರು ಮುಕ್ಕಾಲು ಪಾಲು ಲೋಹಗಳೇ ಆಗಿರುವಾಗ ಇದು ನನಗೆ ಸರಿ ಕಂಡಿಲ್ಲ. ಆ ಅರ್ಧ ಪುಟ ಓದಿದವರು ತರಗತಿಯ ಹೊರಗೆ, ಪತ್ರಗಳಲ್ಲಿ, ಮಾತಿನ ನಡುವೆ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೆಚ್ಚಿನ ಉತ್ತರಗಳಲ್ಲಿ ತಾಮ್ರವೇ ಬರುತ್ತದೆ. ಎಲ್ಲರ ಕೈಗೂ ಸಿಗುವ ಲೋಹ ಅದು, ನೋಡಿ ಮುಟ್ಟಿ ಪರೀಕ್ಷಿಸಬಹುದು.

## ಮೊದಲ ಪ್ರಶ್ನೆಗಳು

ಲೋಹೀಯ ಬಂಧ ಎಂದರೆ ಸರಳವಾಗಿ ಏನು?

ಲೋಹದ ಪ್ರತಿ ಪರಮಾಣುವೂ ತನ್ನ ಹೊರಕವಚದ ಒಂದೋ ಎರಡೋ ಮೂರೋ ಎಲೆಕ್ಟ್ರಾನುಗಳನ್ನು ತನ್ನದೆಂದು ಇಟ್ಟುಕೊಳ್ಳದೆ ಇಡೀ ತುಂಡಿಗೆ ಬಿಟ್ಟುಕೊಡುತ್ತದೆ. ಉಳಿದ ಧನ ಅಯಾನುಗಳು ಸಾಲುಸಾಲಾಗಿ ನಿಂತಿರುತ್ತವೆ. ಅವುಗಳ ನಡುವಿನ ಜಾಗವನ್ನೆಲ್ಲ ಈ ಸಾಮೂಹಿಕ ಎಲೆಕ್ಟ್ರಾನುಗಳು ಆವರಿಸಿರುತ್ತವೆ. ಧನ ಅಯಾನುಗಳಿಗೂ ಎಲ್ಲೆಡೆ ಹರಡಿದ ಆ ಋಣ ಆವೇಶಕ್ಕೂ ನಡುವಿನ ಸೆಳೆತವೇ ಲೋಹೀಯ ಬಂಧ.

ಅಡುಗೆ ಉಪ್ಪಿನಲ್ಲಿ ಸೋಡಿಯಂ ಕೊಡುತ್ತದೆ, ಕ್ಲೋರಿನ್ ಪಡೆಯುತ್ತದೆ. ನೀರಿನ ಅಣುವಿನಲ್ಲಿ ಆಕ್ಸಿಜನ್ನಿಗೂ ಹೈಡ್ರೋಜನ್ನಿಗೂ ನಡುವೆ ಒಂದು ಜೋಡಿ ಎಲೆಕ್ಟ್ರಾನುಗಳ ಪಾಲುದಾರಿಕೆ ಇರುತ್ತದೆ. ಲೋಹದಲ್ಲಿ ಎಲ್ಲರೂ ಕೊಟ್ಟವರೇ, ಎಲ್ಲರೂ ಪಡೆದವರೇ. ಊರ ಗೋಮಾಳವನ್ನು ನೆನಪಿಸಿಕೊಳ್ಳಿ: ಅದು ಯಾರೊಬ್ಬರ ಹೆಸರಿನಲ್ಲೂ ಇಲ್ಲ, ಆದರೆ ಊರಿನ ಎಲ್ಲ ದನಗಳೂ ಅಲ್ಲೇ ಮೇಯುತ್ತವೆ. ಲೋಹದ ಹೊರ ಎಲೆಕ್ಟ್ರಾನುಗಳ ಸ್ಥಿತಿ ಹೀಗೆಯೇ.

ತಾಮ್ರದ ಒಂದು ಪರಮಾಣುವಿಗೆ ಎಷ್ಟು ಬಂಧಗಳಿವೆ? ಪುಸ್ತಕದಲ್ಲಿ ಗೆರೆ ಎಳೆದು ತೋರಿಸಿಯೇ ಇಲ್ಲವಲ್ಲ?

ಗೆರೆ ಎಳೆಯಲು ಬರುವುದಿಲ್ಲ, ಅದಕ್ಕೇ ಎಳೆದಿಲ್ಲ. ತಾಮ್ರದ ಪ್ರತಿ ಪರಮಾಣುವಿನ ಸುತ್ತ ಒಂದೇ ದೂರದಲ್ಲಿ 12 ನೆರೆಯ ಪರಮಾಣುಗಳಿವೆ. ಆ ದೂರ ಒಂದು ಮೀಟರಿನ ಸಾವಿರ ಕೋಟಿ ಪಾಲಿನಲ್ಲಿ ಸುಮಾರು ಎರಡೂವರೆ ಪಾಲು. ಪರಮಾಣು ಬಿಟ್ಟುಕೊಟ್ಟಿರುವುದು ಮಾತ್ರ ಸುಮಾರು ಒಂದೇ ಎಲೆಕ್ಟ್ರಾನ್. ಒಂದು ಗೆರೆ ಎಂದರೆ ಎರಡು ಎಲೆಕ್ಟ್ರಾನುಗಳ ಜೋಡಿ ಎಂಬ ಲೆಕ್ಕ ಹಿಡಿದರೆ, 12 ಗೆರೆಗಳಿಗೆ ಬೇಕಾದಷ್ಟು ಎಲೆಕ್ಟ್ರಾನ್ ಅಲ್ಲಿ ಇಲ್ಲವೇ ಇಲ್ಲ.

ಲೋಹದಲ್ಲಿ ಬಂಧ ಯಾವ ಎರಡು ಪರಮಾಣುಗಳದ್ದೂ ಅಲ್ಲ, ಅದು ಇಡೀ ತುಂಡಿನದು. ಈ ಪುಟದ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ಮಾತಿನಿಂದಲೇ ಹುಟ್ಟುತ್ತವೆ. ಬಂಧಕ್ಕೆ ದಿಕ್ಕಿನ ಹಂಗು ಹೆಚ್ಚಾಗಿ ಇಲ್ಲದಿರುವುದರಿಂದ ಪರಮಾಣುಗಳು ಸಾಧ್ಯವಾದಷ್ಟು ಒತ್ತೊತ್ತಾಗಿ ಕೂಡುತ್ತವೆ. ಹಣ್ಣಿನ ಅಂಗಡಿಯಲ್ಲಿ ಕಿತ್ತಳೆಗಳನ್ನು ಗೋಪುರದಂತೆ ಪೇರಿಸಿರುವುದನ್ನು ನೋಡಿದ್ದೀರಲ್ಲ, ತಾಮ್ರ, ಬೆಳ್ಳಿ, ಚಿನ್ನ, ಅಲ್ಯೂಮಿನಿಯಂಗಳ ಜೋಡಣೆ ಅದೇ. ಆ ರಾಶಿಯ ಒಳಗಿನ ಒಂದು ಹಣ್ಣಿಗೆ ತಗಲಿರುವ ಹಣ್ಣುಗಳನ್ನು ಎಣಿಸಿ: ತನ್ನ ಸಾಲಿನಲ್ಲಿ, ಮೇಲೆ, ಕೆಳಗೆ ಸೇರಿ 12. ಹೀಗೆ ಪೇರಿಸಿದಾಗ ಜಾಗದ ನೂರರಲ್ಲಿ 74 ಪಾಲು ತುಂಬುತ್ತದೆ. ಸಮಾನ ಗಾತ್ರದ ಗುಂಡುಗಳನ್ನು ಇದಕ್ಕಿಂತ ಒತ್ತಾಗಿ ಜೋಡಿಸಲು ಸಾಧ್ಯವಿಲ್ಲ. ಸಾಮಾನ್ಯ ಉಷ್ಣತೆಯಲ್ಲಿರುವ ಕಬ್ಬಿಣದ ಜೋಡಣೆ ಸ್ವಲ್ಪ ಸಡಿಲ: ನೆರೆಯವರು 8, ತುಂಬಿದ ಜಾಗ 68 ಪಾಲು.

ಎಲ್ಲವೂ ಧನ ಅಯಾನುಗಳಾದರೆ ತಾಮ್ರದ ತುಂಡನ್ನು ಮುಟ್ಟಿದಾಗ ಶಾಕ್ ಹೊಡೆಯಬೇಕಲ್ಲವೇ?

ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ತುಂಡಿನ ಒಳಗೇ ಇವೆ, ಹೊರಗೆ ಹೋಗಿಲ್ಲ. ಧನ ಆವೇಶ ಎಷ್ಟೋ ಋಣ ಆವೇಶವೂ ಅಷ್ಟೇ. ಆದ್ದರಿಂದ ಒಟ್ಟಾರೆ ತುಂಡು ತಟಸ್ಥ. ಅಯಾನುಗಳು ಒಂದನ್ನೊಂದು ತಳ್ಳುವುದು ನಿಜ. ಆದರೆ ಪ್ರತಿ ಎರಡು ಅಯಾನುಗಳ ನಡುವೆಯೂ ಎಲೆಕ್ಟ್ರಾನ್ ಮೋಡ ಇರುವುದರಿಂದ ಆ ತಳ್ಳಾಟ ಮರೆಯಾಗಿ ಸೆಳೆತ ಗೆಲ್ಲುತ್ತದೆ. ಪರಮಾಣುಗಳು ತೀರ ಹತ್ತಿರ ಬಂದಾಗ ತಳ್ಳಾಟ ಮೇಲುಗೈ ಪಡೆಯುತ್ತದೆ, ದೂರ ಸರಿದಾಗ ಸೆಳೆತ. ಎರಡೂ ಸರಿದೂಗುವ ದೂರದಲ್ಲಿ ಅವು ನಿಲ್ಲುತ್ತವೆ.

ಎಲೆಕ್ಟ್ರಾನುಗಳು ಸ್ವತಂತ್ರ ಎಂದಮೇಲೆ ಲೋಹದಿಂದ ಹೊರಗೆ ಏಕೆ ಚೆಲ್ಲಿಹೋಗುವುದಿಲ್ಲ?

ಅವುಗಳ ಸ್ವಾತಂತ್ರ್ಯ ತುಂಡಿನ ಮೇಲ್ಮೈವರೆಗೆ ಮಾತ್ರ. ಒಂದು ಎಲೆಕ್ಟ್ರಾನ್ ಹೊರಗೆ ಕಾಲಿಟ್ಟರೆ ಹಿಂದೆ ಉಳಿದ ಧನ ಆವೇಶ ಅದನ್ನು ಮರಳಿ ಎಳೆಯುತ್ತದೆ. ತಾಮ್ರದಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಸುಮಾರು 4.6 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಲೋಕದಲ್ಲಿ ಶಕ್ತಿಯನ್ನು ಅಳೆಯುವ ಮಾನ) ಶಕ್ತಿ ಬೇಕು. ಕೋಣೆಯ ಬಿಸಿಯಿಂದ ಸಿಗುವುದು ಅದರ ನೂರನೆಯ ಒಂದು ಪಾಲಿಗೂ ಕಡಿಮೆ. ಚೆನ್ನಾಗಿ ಕಾಯಿಸಿದರೆ ಕೆಲವು ದಾಟಿ ಹೊರಬರುತ್ತವೆ. ಹಳೆಯ ವಾಲ್ವ್ ರೇಡಿಯೋ ಮತ್ತು ದಪ್ಪ ಗಾಜಿನ ಟಿ.ವಿ. ಕೊಳವೆಗಳು ಕೆಲಸ ಮಾಡುತ್ತಿದ್ದದ್ದು ಹೀಗೆ ಹೊರಬಂದ ಎಲೆಕ್ಟ್ರಾನುಗಳಿಂದಲೇ.

## ಸುತ್ತಿಗೆ, ಬೆಂಕಿ, ನೀರು

ಕಲ್ಲುಪ್ಪನ್ನು ಬಡಿದರೆ ಪುಡಿಯಾಗುತ್ತದೆ, ತಾಮ್ರವನ್ನು ಬಡಿದರೆ ತಗಡಾಗುತ್ತದೆ. ಎರಡೂ ಸ್ಫಟಿಕವೇ ಅಲ್ಲವೇ?

ಎರಡೂ ಸ್ಫಟಿಕವೇ. ಒಂದು ಹರಳು ಕಲ್ಲುಪ್ಪನ್ನು ಕಲ್ಲಿನ ಮೇಲಿಟ್ಟು ಮೆಲ್ಲಗೆ ಬಡಿದು, ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿ. ಹಲವು ಚೂರುಗಳ ಮುಖ ನುಣುಪಾಗಿ, ಮೂಲೆ ನೇರವಾಗಿ ಇರುತ್ತದೆ. ಉಪ್ಪಿನಲ್ಲಿ ಧನ, ಋಣ, ಧನ, ಋಣ ಎಂದು ಅಯಾನುಗಳು ಸರದಿಯಲ್ಲಿ ಕೂತಿವೆ. ಪೆಟ್ಟು ಬಿದ್ದು ಒಂದು ಪದರ ಒಂದೇ ಸ್ಥಾನ ಜರುಗಿದರೂ ಸಾಕು, ಧನದ ಎದುರು ಧನ, ಋಣದ ಎದುರು ಋಣ ಬಂದು ಎರಡು ಪದರಗಳು ಒಂದನ್ನೊಂದು ತಳ್ಳಿ ಸಿಡಿಯುತ್ತವೆ.

ತಾಮ್ರದಲ್ಲಿ ಪದರ ಒಂದು ಸ್ಥಾನ ಜರುಗಿದರೆ ಏನೂ ಕೆಡುವುದಿಲ್ಲ. ಜರುಗಿದ ಪರಮಾಣುವಿಗೆ ಹೊಸ ಜಾಗದಲ್ಲೂ ಹಿಂದಿನಂಥದೇ ನೆರೆಯವರು ಸಿಗುತ್ತಾರೆ, ಎಲೆಕ್ಟ್ರಾನ್ ಮೋಡ ಅಲ್ಲೂ ಇರುತ್ತದೆ. ಬಂಧಕ್ಕೆ ನಿರ್ದಿಷ್ಟ ಜೊತೆಗಾರ ಬೇಕಿಲ್ಲದಿರುವುದೇ ತಾಮ್ರದ ಹಂಡೆಗೂ ಚಿನ್ನದ ರೇಕಿಗೂ ಮೂಲ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ದೇವರ ಒಡವೆಗಳಿಗೆ ಅಂಟಿಸುವಂಥ ಚಿನ್ನದ ರೇಕನ್ನು ಬಡಿದು ಬಡಿದು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು ತೆಳ್ಳಗೆ ಮಾಡಬಹುದು. ಅಷ್ಟು ದಪ್ಪದಲ್ಲಿ ಇರುವುದು ಸುಮಾರು 400ರಿಂದ 500 ಪರಮಾಣು ಪದರಗಳು ಮಾತ್ರ. ಆಗಲೂ ಅದು ಹರಿಯದ ಒಂದೇ ಹಾಳೆ.

ತಂತಿಯನ್ನು ಹತ್ತಾರು ಸಲ ಅತ್ತಿತ್ತ ಬಗ್ಗಿಸಿದರೆ ಮುರಿಯುತ್ತದೆ. ಬಂಧ ಸವೆಯುತ್ತದೆಯೇ?

ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಉತ್ತರ ಓದುವ ಮೊದಲು ನೀವೇ ಮಾಡಿ ನೋಡಿ. ವೈರಿಂಗ್‌ನಲ್ಲಿ ಉಳಿದ ಒಂಟಿ ಎಳೆಯ ದಪ್ಪ ತಾಮ್ರದ ತಂತಿ ಒಂದು ಗೇಣು ಸಾಕು. ಮೇಲಿನ ಪ್ಲಾಸ್ಟಿಕ್ಕನ್ನು ಪೂರ್ತಿ ಸುಲಿಯಿರಿ. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ಕಪ್ಪು ಪೊರೆ ಕಟ್ಟಿಕೊಂಡ ಆ ತಂತಿ ಎರಡು ಬೆರಳಿಗೆ ಹಗ್ಗದಂತೆ ಬಾಗುತ್ತದೆ. ಈಗ ಬಾಗಿದ ಮೂಲೆಯನ್ನು ನೇರ ಮಾಡಲು ನೋಡಿ. ಆ ಮೂಲೆ ಹಟ ಹಿಡಿಯುತ್ತದೆ, ಅದರ ಪಕ್ಕದ ಭಾಗ ಬಾಗುತ್ತದೆ. ಒಂದೇ ಒಂದು ಸಲ ಬಗ್ಗಿದ್ದಕ್ಕೆ ಅಷ್ಟು ಜಾಗ ಗಟ್ಟಿಯಾಗಿಬಿಟ್ಟಿದೆ. ಬೇಗ ಬೇಗ ಅತ್ತಿತ್ತ ಬಗ್ಗಿಸಿ ಬೆರಳಿಟ್ಟರೆ ಬಿಸಿ ತಾಗುತ್ತದೆ.

ಒಳಗೆ ನಡೆಯುತ್ತಿರುವುದು ಹೀಗೆ. ಪದರಗಳು ಜರುಗುತ್ತವೆ ಎಂದೆ. ಇಡೀ ಪದರ ಒಮ್ಮೆಲೇ ಜರುಗಬೇಕಾದರೆ ನಮ್ಮ ಬೆರಳಿನ ಬಲ ಏನೇನೂ ಸಾಲದು. ಲೆಕ್ಕ ಹಾಕಿದರೆ, ದೋಷವೇ ಇಲ್ಲದ ತಾಮ್ರ ನಿಜವಾದ ತಾಮ್ರಕ್ಕಿಂತ ಸಾವಿರ ಪಟ್ಟಿನಷ್ಟು ಬಲವಾಗಿ ಇರಬೇಕು. ಈ ಒಗಟನ್ನು 1934ರಲ್ಲಿ ಟೇಲರ್, ಒರೊವಾನ್ ಮತ್ತು ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಬಿಡಿಸಿದರು. ಸ್ಫಟಿಕದೊಳಗೆ ಅಲ್ಲಲ್ಲಿ ಅರ್ಧಕ್ಕೆ ನಿಂತುಹೋದ ಪರಮಾಣು ಸಾಲುಗಳಿವೆ. ಪದರ ಜರುಗುವುದು ಈ ದೋಷರೇಖೆಯ ಮೂಲಕ, ಒಮ್ಮೆಗೆ ಒಂದು ಸಾಲಿನಂತೆ. ದೊಡ್ಡ ಜಮಖಾನೆಯನ್ನು ಒಂದು ತುದಿ ಹಿಡಿದು ಎಳೆದರೆ ಅಲುಗುವುದಿಲ್ಲ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಇನ್ನೊಂದು ತುದಿಗೆ ತಳ್ಳಿಕೊಂಡು ಹೋದರೆ ಜಮಖಾನೆ ಸುಲಭವಾಗಿ ಸರಿಯುತ್ತದೆ. ದೋಷರೇಖೆ ಎಂದರೆ ಆ ಸುಕ್ಕು.

ಬಗ್ಗಿಸಿದಷ್ಟೂ ಹೊಸ ದೋಷರೇಖೆಗಳು ಹುಟ್ಟುತ್ತವೆ, ಒಂದಕ್ಕೊಂದು ಸಿಕ್ಕು ಬೀಳುತ್ತವೆ, ಯಾವುದೂ ಮುಂದೆ ಹೋಗದಂತಾಗುತ್ತದೆ. ತಂತಿ ಗಟ್ಟಿಯಾಗುತ್ತದೆ. ಇನ್ನೂ ಬಗ್ಗಿಸಿದರೆ ಜರುಗಲು ದಾರಿಯಿಲ್ಲದೆ ಬಿರುಕು ಬಿಡುತ್ತದೆ. ಬಂಧ ಸವೆದಿಲ್ಲ. ಪರಮಾಣುಗಳ ನಡುವಿನ ಸೆಳೆತ ಮೊದಲು ಎಷ್ಟಿತ್ತೋ ಮುರಿಯುವ ಹೊತ್ತಿಗೂ ಅಷ್ಟೇ ಇರುತ್ತದೆ. ಕೆಟ್ಟಿರುವುದು ಸಾಲುಗಳ ಶಿಸ್ತು. ಕೆಂಪಗೆ ಕಾಯಿಸಿದಾಗ ಪರಮಾಣುಗಳು ಮತ್ತೆ ಹೊಸ ಹರಳುಗಳಾಗಿ ಸಾಲುಗೂಡುತ್ತವೆ, ಸಿಕ್ಕು ಬಿಡುತ್ತದೆ, ತಂತಿ ಮೆತ್ತಗಾಗುತ್ತದೆ.

ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ತಾಮ್ರದ ಹಂಡೆ ಮಾಡುವ ಕಂಚುಗಾರರ ಮನೆಯಿತ್ತು. ಬಡಿಯುತ್ತ ಬಡಿಯುತ್ತ ಸುತ್ತಿಗೆಯ ಸದ್ದು ಬಿಗಿಯಾದ ಕೂಡಲೇ ಅವರು ಕೈ ನಿಲ್ಲಿಸಿ ತಗಡನ್ನು ಮತ್ತೆ ಕುಲುಮೆಗೆ ಇಡುತ್ತಿದ್ದರು. 1934ರ ಆ ವಿವರಣೆ ಅವರಿಗೆ ಗೊತ್ತಿರಲಿಲ್ಲ. ಆದರೆ ಯಾವ ಕ್ಷಣದಲ್ಲಿ ನಿಲ್ಲಿಸಬೇಕೆಂದು ಅವರ ಕಿವಿಗೆ ಗೊತ್ತಿತ್ತು. ಲೋಹದ ಬಗ್ಗೆ ನಾನು ಕಲಿತ ಮೊದಲ ಪಾಠ ಅದು ಎಂದೇ ಇಂದಿಗೂ ಭಾವಿಸುತ್ತೇನೆ.

ಕಮ್ಮಾರ ಕಾಯಿಸಿ ನೀರಿಗೆ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ. ಕಂಚುಗಾರ ಕಾಯಿಸಿ ನೀರಿಗೆ ಅದ್ದಿದರೆ ತಾಮ್ರ ಮೆತ್ತಗಾಗುತ್ತದೆ. ಒಂದೇ ಕೆಲಸಕ್ಕೆ ಎರಡು ಫಲ ಹೇಗೆ?

ವ್ಯತ್ಯಾಸಕ್ಕೆ ಕಾರಣ ಇಂಗಾಲ. ಕಬ್ಬಿಣ 912 ಡಿಗ್ರಿ ಸೆಲ್ಸಿಯಸ್ ದಾಟಿದಾಗ ತನ್ನ ಜೋಡಣೆಯನ್ನೇ ಬದಲಿಸಿ ತಾಮ್ರದಂತೆ 12 ನೆರೆಯವರ ಒತ್ತು ಜೋಡಣೆಗೆ ಬರುತ್ತದೆ. ಇಂಗಾಲ ಬೆರೆತಿದ್ದರೆ ಈ ಬದಲಾವಣೆ ಇನ್ನೂ ಕಡಿಮೆ ಬಿಸಿಯಲ್ಲೇ ಆಗುತ್ತದೆ. ಆ ಜೋಡಣೆಯಲ್ಲಿ ಪರಮಾಣುಗಳ ನಡುವಿನ ಸಂದುಗಳು ಸಂಖ್ಯೆಯಲ್ಲಿ ಕಡಿಮೆಯಾದರೂ ಒಂದೊಂದೂ ಸ್ವಲ್ಪ ದೊಡ್ಡದು. ಪುಟ್ಟ ಇಂಗಾಲದ ಪರಮಾಣುಗಳು ಅಲ್ಲಿ ಹೋಗಿ ಕೂರುತ್ತವೆ. ನಿಧಾನವಾಗಿ ಆರಿಸಿದರೆ ಕಬ್ಬಿಣ ಹಳೆಯ ಜೋಡಣೆಗೆ ಮರಳುವಾಗ ಇಂಗಾಲ ಹೊರಬಂದು ಕಬ್ಬಿಣದ ಕಾರ್ಬೈಡ್ ಆಗಿ ಬೇರೆಯಾಗುತ್ತದೆ. ಥಟ್ಟನೆ ನೀರಿಗೆ ಅದ್ದಿದರೆ ಇಂಗಾಲಕ್ಕೆ ಹೊರಬರಲು ಸಮಯವೇ ಸಿಗುವುದಿಲ್ಲ. ಇಕ್ಕಟ್ಟಾದ ಸಂದುಗಳಲ್ಲಿ ಸಿಕ್ಕಿಹಾಕಿಕೊಂಡು ಇಡೀ ಜೋಡಣೆಯನ್ನು ಹಿಗ್ಗಿಸಿ ಸೊಟ್ಟ ಮಾಡುತ್ತದೆ. ದೋಷರೇಖೆಗಳು ಅಲ್ಲಿ ಸರಿಯಲಾರವು. ಕುಡುಗೋಲಿನ ಬಾಯಿ ಗಟ್ಟಿಯಾಗುವುದು ಹೀಗೆ. ಹಾಗೇ ಬಿಟ್ಟರೆ ಪೆಟ್ಟಿಗೆ ಚಕ್ಕೆ ಏಳುತ್ತದೆಂದು ಕಮ್ಮಾರ ಮತ್ತೆ ಹಿತವಾಗಿ ಕಾಯಿಸಿ ಸ್ವಲ್ಪ ಇಂಗಾಲ ಬಿಡುಗಡೆಯಾಗಲು ಅವಕಾಶ ಕೊಡುತ್ತಾನೆ. ಅವನು ಅದನ್ನು ಹದ ಎನ್ನುತ್ತಾನೆ.

ತಾಮ್ರದ ಜೋಡಣೆ ಕರಗುವ 1085 ಡಿಗ್ರಿಯವರೆಗೂ ಒಂದೇ. ಸಿಕ್ಕಿಹಾಕಿಕೊಳ್ಳಲು ಇಂಗಾಲವೂ ಇಲ್ಲ. ಅಲ್ಲಿ ನೀರು ಮಾಡುವುದು ತಣಿಸುವ ಕೆಲಸ ಮಾತ್ರ. ಮೆತ್ತಗಾದದ್ದು ಬೆಂಕಿಯಲ್ಲೇ.

ಅಪ್ಪಟ ಚಿನ್ನದಲ್ಲಿ ಒಡವೆ ಮಾಡುವುದಿಲ್ಲ, ತಾಮ್ರ ಬೆರೆಸುತ್ತಾರೆ. ಬೆರಕೆ ಮಾಡಿದರೆ ಬಂಧ ಗಟ್ಟಿಯಾಗುತ್ತದೆಯೇ?

ಗಟ್ಟಿಯಾಗುವುದು ಒಡವೆ, ಬಂಧವಲ್ಲ. 22 ಕ್ಯಾರೆಟ್ ಚಿನ್ನದಲ್ಲಿ ನೂರಕ್ಕೆ 91.6 ಪಾಲು ಚಿನ್ನ, ಉಳಿದದ್ದು ಹೆಚ್ಚಾಗಿ ತಾಮ್ರ ಮತ್ತು ಬೆಳ್ಳಿ. ಎಲೆಕ್ಟ್ರಾನುಗಳು ಸಾಮೂಹಿಕವಾಗಿರುವುದರಿಂದ ಚಿನ್ನದ ಜಾಗದಲ್ಲಿ ತಾಮ್ರದ ಪರಮಾಣು ಬಂದು ಕೂತರೆ ಬಂಧಕ್ಕೆ ತೊಂದರೆಯಿಲ್ಲ. ಲೋಹಗಳು ಒಂದರಲ್ಲೊಂದು ಇಷ್ಟು ಸಲೀಸಾಗಿ ಬೆರೆಯುವುದು ಅದಕ್ಕೇ. ಆದರೆ ತಾಮ್ರದ ಪರಮಾಣು ಚಿನ್ನದ ಪರಮಾಣುವಿಗಿಂತ ನೂರಕ್ಕೆ 11ರಷ್ಟು ಚಿಕ್ಕದು. ಅದು ಕೂತ ಕಡೆಯೆಲ್ಲ ಸಾಲು ಸ್ವಲ್ಪ ಕುಗ್ಗುತ್ತದೆ, ದೋಷರೇಖೆಗಳು ಎಡವುತ್ತವೆ. ಬೆಳ್ಳಿಯ ಪರಮಾಣು ಹೆಚ್ಚುಕಡಿಮೆ ಚಿನ್ನದಷ್ಟೇ ದೊಡ್ಡದು. ಹಾಗಾಗಿ ಅದೇ ಪ್ರಮಾಣದ ಬೆಳ್ಳಿ ಬೆರೆಸಿದರೆ ಚಿನ್ನ ಅಷ್ಟು ಗಡುಸಾಗುವುದಿಲ್ಲ. ಅಕ್ಕಸಾಲಿಗರು ತಾಮ್ರವನ್ನು ಏಕೆ ಬಿಡುವುದಿಲ್ಲ ಎಂಬುದಕ್ಕೆ ಇದೊಂದು ಕಾರಣ.

ಹಾಗಾದರೆ ಕಂಚಿನ ಗಂಟೆ ಬಿದ್ದರೆ ಏಕೆ ಒಡೆಯುತ್ತದೆ? ಅದೂ ಲೋಹವೇ ತಾನೆ?

ಗಂಟೆಯ ಕಂಚಿನಲ್ಲಿ ನೂರಕ್ಕೆ ಸುಮಾರು 22 ಪಾಲು ತವರ ಇರುತ್ತದೆ. ತಾಮ್ರ ಅಷ್ಟೊಂದು ತವರವನ್ನು ತನ್ನ ಸಾಲುಗಳಲ್ಲಿ ಸೇರಿಸಿಕೊಳ್ಳಲಾರದು. ಹೆಚ್ಚಾದ ತವರ ತಾಮ್ರದೊಡನೆ ನಿಶ್ಚಿತ ಪ್ರಮಾಣದ ಸಂಯುಕ್ತವಾಗಿ ಬೇರೆಯೇ ಹರಳುಗಳನ್ನು ಕಟ್ಟುತ್ತದೆ. ಅವುಗಳ ಜೋಡಣೆ ಜಟಿಲ. ಯಾವ ಪದರವೂ ಇನ್ನೊಂದರ ಮೇಲೆ ಸರಾಗವಾಗಿ ಜರುಗಲಾರದು. ನಾದ ಬಹಳ ಹೊತ್ತು ನಿಲ್ಲಲು ಈ ಬಿಗಿತ ನೆರವಾಗುತ್ತದೆ, ಒಡೆಯುವುದೂ ಅದೇ ಬಿಗಿತದಿಂದ.

ಎರಡು ತಾಮ್ರದ ತುಂಡುಗಳನ್ನು ಒತ್ತಿ ಹಿಡಿದರೆ ಎಲೆಕ್ಟ್ರಾನುಗಳು ಬೆರೆತು ಒಂದೇ ತುಂಡಾಗಬೇಕಲ್ಲ?

ಆಗಲೇಬೇಕು, ಅಡ್ಡಿ ಇಲ್ಲದಿದ್ದರೆ ಆಗುತ್ತದೆ. ಗಾಳಿಯಲ್ಲಿರುವ ತಾಮ್ರದ ಮೈಮೇಲೆ ಯಾವಾಗಲೂ ಆಕ್ಸೈಡಿನ ಪೊರೆಯೂ ಜಿಡ್ಡೂ ಇರುತ್ತವೆ. ಜೊತೆಗೆ, ನುಣುಪಾಗಿ ಕಾಣುವ ಮೈ ಪರಮಾಣುಗಳ ಅಳತೆಯಲ್ಲಿ ಗುಡ್ಡಗಾಡಿನಂತಿದ್ದು, ತುದಿಗಳು ಮಾತ್ರ ತಾಗುತ್ತವೆ. ಪೊರೆ ಕಟ್ಟದ ಶುದ್ಧ ಚಿನ್ನದ ಹಾಳೆಗಳನ್ನು ಒತ್ತಿದರೆ ಬಿಸಿಯಿಲ್ಲದೆಯೇ ಬೆಸೆದುಕೊಳ್ಳುತ್ತವೆ. ಹಲ್ಲಿನ ಹುಳುಕು ತುಂಬಲು ದಂತವೈದ್ಯರು ಇದನ್ನು ಬಳಸುತ್ತಿದ್ದರು. ಬಾಹ್ಯಾಕಾಶದಲ್ಲಿ ಇದೇ ಗುಣ ಸಂಕಟ ತರುತ್ತದೆ. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆಯ ದೊಡ್ಡ ಆಂಟೆನಾ 1991ರಲ್ಲಿ ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ. ಜಾರುಲೇಪ ಸವೆದು ಅದರ ಕೆಲವು ಪಿನ್ನುಗಳು ಗೂಡಿನಲ್ಲೇ ಕಚ್ಚಿಕೊಂಡಿದ್ದವು ಎಂಬುದು ಪರಿಶೀಲನೆಯಲ್ಲಿ ಕಂಡ ಕಾರಣ.

## ವಿದ್ಯುತ್, ಶಾಖ, ಹೊಳಪು

ಸ್ವಿಚ್ ಹಾಕಿದ ಕೂಡಲೇ ದೀಪ ಹತ್ತುತ್ತದೆ. ಎಲೆಕ್ಟ್ರಾನುಗಳು ಅಷ್ಟು ವೇಗವಾಗಿ ಓಡುತ್ತವೆಯೇ?

ಇಲ್ಲಿ ಮೂರು ಬೇರೆಬೇರೆ ವೇಗಗಳಿವೆ, ಗೊಂದಲವೆಲ್ಲ ಅವುಗಳನ್ನು ಒಂದೆಂದು ತಿಳಿಯುವುದರಿಂದ. ತಾಮ್ರದಲ್ಲಿ ವಿದ್ಯುತ್ತಿಗೆ ಒದಗುವ ಎಲೆಕ್ಟ್ರಾನುಗಳು ಸೆಕೆಂಡಿಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಸದಾ ಓಡುತ್ತಿರುತ್ತವೆ, ಸ್ವಿಚ್ ಹಾಕದಿದ್ದಾಗಲೂ. ಎಲ್ಲ ದಿಕ್ಕುಗಳಿಗೂ ಸಮನಾಗಿ ಓಡುವುದರಿಂದ ಪ್ರವಾಹ ಸೊನ್ನೆ. ಸ್ವಿಚ್ ಹಾಕಿದಾಗ ವಿದ್ಯುತ್ ಕ್ಷೇತ್ರ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ತಂತಿಯುದ್ದಕ್ಕೂ ಹರಡುತ್ತದೆ. ಅದರ ಪ್ರೇರಣೆಯಿಂದ ಎಲೆಕ್ಟ್ರಾನುಗಳ ಹಿಂಡು ಒಟ್ಟಾಗಿ ಒಂದು ಕಡೆಗೆ ಸರಿಯತೊಡಗುತ್ತದೆ, ಬಹಳ ನಿಧಾನವಾಗಿ. ಒಂದು ಚದರ ಮಿಲಿಮೀಟರ್ ಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿದಾಗ ಆ ಸರಿತ ಸೆಕೆಂಡಿಗೆ 0.07 ಮಿಲಿಮೀಟರ್, ಎಂದರೆ ನಿಮಿಷಕ್ಕೆ ನಾಲ್ಕು ಮಿಲಿಮೀಟರ್ ಚಿಲ್ಲರೆ. ಇರುವೆ ಎಷ್ಟೋ ಮುಂದೆ ಹೋಗಿರುತ್ತದೆ. ಇಷ್ಟು ನಿಧಾನವಾದರೂ ಪ್ರವಾಹ ಸಾಲುವುದು ಸಂಖ್ಯೆಯ ಬಲದಿಂದ: ಒಂದು ಘನ ಸೆಂಟಿಮೀಟರ್ ತಾಮ್ರದಲ್ಲಿ ಸುಮಾರು 8.5 × 10²² ಸಾಮೂಹಿಕ ಎಲೆಕ್ಟ್ರಾನುಗಳಿವೆ.

ನಮ್ಮ ಮನೆಗೆ ಬರುವ ವಿದ್ಯುತ್ ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಆ ತಂತಿಯಲ್ಲಿ ಎಲೆಕ್ಟ್ರಾನುಗಳ ಹಿಂಡು ನಿಂತಲ್ಲೇ ಒಂದು ಮೈಕ್ರಾನಿಗಿಂತ ಕಡಿಮೆ ದೂರ ಅತ್ತಿತ್ತ ತೂಗುತ್ತದೆ.

ಸ್ಟೀಲ್ ಪಾತ್ರೆಯ ತಳಕ್ಕೆ ತಾಮ್ರ ಏಕೆ ಹಚ್ಚುತ್ತಾರೆ?

ಲೋಹದಲ್ಲಿ ಶಾಖವನ್ನು ಹೊತ್ತೊಯ್ಯುವುದೂ ಮುಖ್ಯವಾಗಿ ಅದೇ ಎಲೆಕ್ಟ್ರಾನುಗಳು. ಒಳ್ಳೆಯ ವಿದ್ಯುದ್ವಾಹಕವೇ ಒಳ್ಳೆಯ ಉಷ್ಣವಾಹಕವೂ ಆಗಿರುತ್ತದೆ ಎಂಬುದನ್ನು ವೀಡೆಮಾನ್ ಮತ್ತು ಫ್ರಾಂಟ್ಸ್ 1853ರಲ್ಲೇ ಗುರುತಿಸಿದ್ದರು, ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ತಿಳಿಯುವುದಕ್ಕೆ 44 ವರ್ಷ ಮೊದಲು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಪರಮಾಣುಗಳು ಅಡ್ಡಾದಿಡ್ಡಿಯಾಗಿ ಬೆರೆತಿರುವುದರಿಂದ ಎಲೆಕ್ಟ್ರಾನುಗಳು ಹೆಜ್ಜೆಹೆಜ್ಜೆಗೂ ದಿಕ್ಕು ತಪ್ಪುತ್ತವೆ. ತಾಮ್ರ ಅದಕ್ಕಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ. ಉರಿ ತಾಗಿದ ಕಡೆ ಮಾತ್ರ ಪಾಯಸ ತಳ ಹಿಡಿಯುವುದನ್ನು ಆ ತೆಳು ತಾಮ್ರದ ಪದರ ತಪ್ಪಿಸುತ್ತದೆ.

ಎಲ್ಲ ಲೋಹಗಳೂ ಬೆಳ್ಳಗೆ ಹೊಳೆಯುತ್ತವೆ. ಚಿನ್ನ, ತಾಮ್ರ ಮಾತ್ರ ಬಣ್ಣ ಏಕೆ?

ಬೆಳಕು ಮೈಗೆ ಬಿದ್ದಾಗ ಸಾಮೂಹಿಕ ಎಲೆಕ್ಟ್ರಾನುಗಳು ಅದರ ತಾಳಕ್ಕೆ ಅಲುಗಾಡಿ, ಬೆಳಕು ಒಳಗೆ ನುಗ್ಗದಂತೆ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸುತ್ತವೆ. ಹೊಳಪು ಅದೇ. ತಾಮ್ರ ಮತ್ತು ಚಿನ್ನಗಳಲ್ಲಿ ಇನ್ನೊಂದು ವಿಷಯವಿದೆ. ಅವುಗಳ ಒಳಗಿನ ಡಿ-ಎಲೆಕ್ಟ್ರಾನುಗಳು, ಎಂದರೆ 'ಡಿ' ಎಂಬ ಉಪಕವಚದಲ್ಲಿರುವವು, ನೀಲಿ ಕಡೆಯ ಬೆಳಕನ್ನು ಹೀರಿ ಮೇಲಿನ ಖಾಲಿ ಮಟ್ಟಕ್ಕೆ ಜಿಗಿಯಬಲ್ಲವು. ನೀಲಿ ಕಳೆದ ಬೆಳಕು ಹಳದಿಯಾಗಿ, ಕೆಂಪಾಗಿ ಮರಳುತ್ತದೆ. ಬೆಳ್ಳಿಯಲ್ಲಿ ಆ ಜಿಗಿತಕ್ಕೆ ಅತಿನೇರಳೆಯಷ್ಟು ಶಕ್ತಿ ಬೇಕು, ಆದ್ದರಿಂದ ಕಣ್ಣಿಗೆ ಕಾಣುವ ಬೆಳಕೆಲ್ಲ ಹಾಗೇ ಹಿಂದಿರುಗುತ್ತದೆ.

## ಇನ್ನೂ ಆಳಕ್ಕೆ

ಹೆಚ್ಚು ಎಲೆಕ್ಟ್ರಾನ್ ಕೊಟ್ಟಷ್ಟೂ ಬಂಧ ಬಲ ಎನ್ನುತ್ತಾರೆ. ಮೆಗ್ನೀಸಿಯಂ 650 ಡಿಗ್ರಿಗೆ, ಅಲ್ಯೂಮಿನಿಯಂ 660ಕ್ಕೆ ಕರಗುತ್ತವೆ. ಹತ್ತೇ ಡಿಗ್ರಿಯೇ?

ಬಂಧದ ಬಲವನ್ನು ಕರಗುವ ಬಿಂದುವಿನಿಂದ ಅಳೆಯಬೇಡಿ. ಪಠ್ಯಪುಸ್ತಕಗಳ ಈ ಅಭ್ಯಾಸ ಬಹಳ ಮಕ್ಕಳನ್ನು ದಾರಿ ತಪ್ಪಿಸಿದೆ. ಕರಗಿದ ಲೋಹದಲ್ಲೂ ಬಂಧ ಹಾಗೇ ಇರುತ್ತದೆ. ಹೋಗುವುದು ಸಾಲಿನ ಶಿಸ್ತು ಮಾತ್ರ. ಬಂಧ ನಿಜವಾಗಿ ಕಡಿಯುವುದು ಲೋಹ ಆವಿಯಾದಾಗ. ಕುದಿಯುವ ಬಿಂದುಗಳನ್ನು ನೋಡಿ: ಒಂದು ಎಲೆಕ್ಟ್ರಾನ್ ಕೊಡುವ ಸೋಡಿಯಂ 883, ಎರಡು ಕೊಡುವ ಮೆಗ್ನೀಸಿಯಂ 1090, ಮೂರು ಕೊಡುವ ಅಲ್ಯೂಮಿನಿಯಂ 2,400ಕ್ಕೂ ಹೆಚ್ಚು. ಗ್ಯಾಲಿಯಂ ಇದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ. 29.8 ಡಿಗ್ರಿಗೆ, ಅಂಗೈಯ ಬಿಸಿಗೇ ಕರಗುವ ಅದು ಕುದಿಯುವುದು 2,000 ಡಿಗ್ರಿ ದಾಟಿದ ಮೇಲೆ.

ಪಾದರಸ ಏಕೆ ದ್ರವ?

ಪಾದರಸದಲ್ಲಿ ಬಂಧ ನಿಜವಾಗಿಯೇ ದುರ್ಬಲ. ಅದರ ನ್ಯೂಕ್ಲಿಯಸ್ಸಿನಲ್ಲಿ 80 ಪ್ರೋಟಾನುಗಳಿವೆ. ಅಷ್ಟು ಬಲವಾದ ಸೆಳೆತದಲ್ಲಿ ತೀರ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧವನ್ನು ಮೀರುತ್ತದೆ. ಆಗ ಐನ್‌ಸ್ಟೈನರ ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಮಾಡಲು ಆಗುವುದಿಲ್ಲ. ಅದರ ಪರಿಣಾಮವಾಗಿ 'ಎಸ್' ಉಪಕವಚದ ಎಲೆಕ್ಟ್ರಾನುಗಳ ಕಕ್ಷಕಗಳು (ಅವು ಹರಡಿಕೊಂಡಿರುವ ಜಾಗಗಳು) ಕುಗ್ಗುತ್ತವೆ, ಹೊರಗಿನ ಎರಡು ಎಲೆಕ್ಟ್ರಾನುಗಳು ಕೂಡ ನ್ಯೂಕ್ಲಿಯಸ್ಸಿಗೆ ಅಂಟಿಕೊಂಡಂತೆ ಇದ್ದು ಸಮೂಹಕ್ಕೆ ಅರೆಮನಸ್ಸಿನಿಂದ ಸೇರುತ್ತವೆ. 2013ರಲ್ಲಿ ಪ್ರಕಟವಾದ ಒಂದು ಗಣಕ ಲೆಕ್ಕಾಚಾರ, ಸಾಪೇಕ್ಷತೆಯ ಪರಿಣಾಮ ಇಲ್ಲದಿದ್ದರೆ ಪಾದರಸ ಸುಮಾರು 105 ಡಿಗ್ರಿ ಹೆಚ್ಚು ಬಿಸಿಯಲ್ಲಿ ಕರಗುತ್ತಿತ್ತು ಎಂದು ತೋರಿಸಿತು. ಅದು ಕರಗುವುದು ಸೊನ್ನೆಗಿಂತ 39 ಡಿಗ್ರಿ ಕೆಳಗೆ. ಆ ಪರಿಣಾಮ ಇಲ್ಲದಿದ್ದರೆ ನಮ್ಮ ಉಷ್ಣತಾಮಾಪಕದೊಳಗೆ ಘನ ಲೋಹದ ಕಡ್ಡಿ ಇರುತ್ತಿತ್ತು.

ಟಂಗ್‌ಸ್ಟನ್ 3,422 ಡಿಗ್ರಿವರೆಗೆ ಕರಗುವುದಿಲ್ಲ. ಅದರಲ್ಲಿ ವಿಶೇಷವೇನು?

ಅದರ ಡಿ-ಎಲೆಕ್ಟ್ರಾನುಗಳೂ ಬಂಧದಲ್ಲಿ ಪಾಲುಗೊಳ್ಳುತ್ತವೆ. ಬಂಧಕ್ಕೆ ನೆರವಾಗುವ ಡಿ-ಮಟ್ಟಗಳು ಬಹುಮಟ್ಟಿಗೆ ತುಂಬಿ, ಬಂಧವನ್ನು ಸಡಿಲಿಸುವ ಮಟ್ಟಗಳು ಖಾಲಿ ಉಳಿದಿರುವ ಸ್ಥಾನದಲ್ಲಿ ಅದು ನಿಂತಿದೆ. ಆದರೆ ಡಿ-ಎಲೆಕ್ಟ್ರಾನುಗಳಿಗೆ ದಿಕ್ಕಿನ ಹಂಗು ಸ್ವಲ್ಪ ಇದೆ. ಲೋಹದ ಬಂಧಕ್ಕೆ ದಿಕ್ಕಿಲ್ಲ ಎಂಬ ಮಾತು ಸೋಡಿಯಂಗೆ ಚೆನ್ನಾಗಿ, ತಾಮ್ರಕ್ಕೆ ತಕ್ಕಮಟ್ಟಿಗೆ, ಟಂಗ್‌ಸ್ಟನ್ನಿಗೆ ಅರ್ಧಂಬರ್ಧ ಸಲ್ಲುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಟಂಗ್‌ಸ್ಟನ್ ಪೆಡಸಾಗಿ ಮುರಿಯುವುದಕ್ಕೆ ಇದೂ ಒಂದು ಕಾರಣ.

'ಎಲೆಕ್ಟ್ರಾನ್ ಸಮುದ್ರ' ಎಂಬುದು ನಿಜವೇ, ಬರಿಯ ಹೋಲಿಕೆಯೇ?

ಅರ್ಧ ನಿಜ. ಜರ್ಮನಿಯ ಪಾಲ್ ಡ್ರೂಡ್ 1900ರಲ್ಲಿ ಲೋಹದೊಳಗಿನ ಎಲೆಕ್ಟ್ರಾನುಗಳನ್ನು ಡಬ್ಬಿಯಲ್ಲಿ ತುಂಬಿದ ಅನಿಲದಂತೆ ಭಾವಿಸಿ ಲೆಕ್ಕ ಹಾಕಿದರು. ವಿದ್ಯುತ್ ವಾಹಕತೆ ಚೆನ್ನಾಗಿಯೇ ಹೊಂದಿತು. ಒಂದು ಕಡೆ ದೊಡ್ಡ ತಪ್ಪಾಯಿತು. ಎಲೆಕ್ಟ್ರಾನುಗಳು ಅನಿಲವಾಗಿದ್ದರೆ ಲೋಹವನ್ನು ಬಿಸಿ ಮಾಡುವಾಗ ಅವೂ ಶಾಖವನ್ನು ಹೀರಬೇಕು, ಲೋಹಕ್ಕೆ ಇತರ ಘನವಸ್ತುಗಳಿಗಿಂತ ಒಂದೂವರೆ ಪಟ್ಟು ಶಾಖ ಹಿಡಿಯಬೇಕು. ಹಾಗೆ ಹಿಡಿಯುವುದಿಲ್ಲ. ಎಲೆಕ್ಟ್ರಾನುಗಳ ಪಾಲು ನೂರಕ್ಕೆ ಒಂದರ ಆಸುಪಾಸು.

ಉತ್ತರಕ್ಕೆ ಕ್ವಾಂಟಂ ಸಿದ್ಧಾಂತ ಬರಬೇಕಾಯಿತು. ಒಂದು ಸ್ಥಿತಿಯಲ್ಲಿ ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನ್ ಇರುವಂತಿಲ್ಲ ಎಂಬ ಪೌಲಿಯವರ ನಿಯಮವನ್ನು ಸೊಮ್ಮರ್‌ಫೆಲ್ಡ್ 1927ರ ಸುಮಾರಿಗೆ ಲೋಹಕ್ಕೆ ಅನ್ವಯಿಸಿದರು. ತುಂಬಿದ ಬಸ್ಸನ್ನು ಊಹಿಸಿಕೊಳ್ಳಿ. ಒಳಗೆ ಸಿಕ್ಕಿಕೊಂಡವರು ಅಲುಗಾಡಲಾರರು, ಬಾಗಿಲ ಬಳಿಯವರು ಮಾತ್ರ ಅತ್ತಿತ್ತ ಸರಿಯಬಲ್ಲರು. ಬಿಸಿಯನ್ನು ಹೀರುವುದೂ ವಿದ್ಯುತ್ತಿಗೆ ಸ್ಪಂದಿಸುವುದೂ ಮೇಲಿನ ಮಟ್ಟದ ಅಂಚಿನಲ್ಲಿರುವ ಕೆಲವೇ ಎಲೆಕ್ಟ್ರಾನುಗಳು. ನಾನು ಮೊದಲು ಹೇಳಿದ ಗೋಮಾಳದಲ್ಲೂ ಹೀಗೆ ಜಾಗ ನಿಗದಿಯಾಗಿದೆ ಎಂದು ತಿದ್ದಿಕೊಳ್ಳಬೇಕು. 1928ರಲ್ಲಿ ಫೆಲಿಕ್ಸ್ ಬ್ಲಾಖ್ ಇನ್ನೊಂದು ಬೆರಗಿನ ಸಂಗತಿ ತೋರಿಸಿದರು: ಅಯಾನುಗಳ ಸಾಲು ಪೂರ್ತಿ ಕ್ರಮಬದ್ಧವಾಗಿದ್ದರೆ ಎಲೆಕ್ಟ್ರಾನ್ ಅಲೆ ಅವುಗಳ ನಡುವೆ ತಡೆಯಿಲ್ಲದೆ ಸಾಗುತ್ತದೆ. ತಡೆ ಬರುವುದು ಸಾಲು ಕೆಟ್ಟ ಕಡೆ, ಅಯಾನುಗಳು ಬಿಸಿಗೆ ನಡುಗುವಾಗ. ತಂತಿ ಕಾದಂತೆ ಅದರ ರೋಧ ಏರುವುದು ಅದಕ್ಕೆ.

ಹಂಚಿಕೊಂಡರೆ ಲಾಭವೇನು? ಪರಮಾಣು ತನ್ನ ಎಲೆಕ್ಟ್ರಾನನ್ನು ಏಕೆ ಬಿಡಬೇಕು?

ಇಕ್ಕಟ್ಟಿನಲ್ಲಿ ಕೂಡಿಹಾಕಿದ ಎಲೆಕ್ಟ್ರಾನಿನ ಚಲನಶಕ್ತಿ ಹೆಚ್ಚು, ವಿಶಾಲವಾದ ಜಾಗ ಸಿಕ್ಕಿದರೆ ಕಡಿಮೆ. ಇದು ಕ್ವಾಂಟಂ ನಿಯಮ. ಲೆಕ್ಕವನ್ನು ಹೀಗೂ ಹೇಳಬಹುದು. ಎರಡು ಪರಮಾಣುಗಳು ಕೂಡಿದಾಗ ಒಂದು ಶಕ್ತಿಮಟ್ಟ ಒಡೆದು ಎರಡಾಗುತ್ತದೆ, ಒಂದು ಕೆಳಗೆ, ಒಂದು ಮೇಲೆ. ಕೋಟ್ಯಂತರ ಪರಮಾಣುಗಳು ಕೂಡಿದಾಗ ಕೋಟ್ಯಂತರ ಮಟ್ಟಗಳು ಒತ್ತಾಗಿ ಸೇರಿ ಒಂದು ಪಟ್ಟಿಯಾಗುತ್ತದೆ. ಸೋಡಿಯಂ ಪರಮಾಣು ಒಂದೇ ಎಲೆಕ್ಟ್ರಾನ್ ತರುವುದರಿಂದ ಪಟ್ಟಿಯ ಕೆಳಗಿನ ಅರ್ಧ ಮಾತ್ರ ತುಂಬುತ್ತದೆ. ಒಂಟಿಯಾಗಿದ್ದಾಗಿನ ಶಕ್ತಿಗಿಂತ ಎಲ್ಲರ ಶಕ್ತಿಯೂ ಒಟ್ಟಾರೆ ಇಳಿಯುತ್ತದೆ. ಆ ಇಳಿಕೆಯೇ ಬಂಧ. ವಜ್ರದಲ್ಲಿ ಕೆಳಗಿನ ಪಟ್ಟಿ ಪೂರ್ತಿ ತುಂಬಿ, ಮುಂದಿನ ಪಟ್ಟಿಗೆ 5.5 ಎಲೆಕ್ಟ್ರಾನ್ ವೋಲ್ಟಿನ ಅಂತರವಿದೆ. ಸರಿಯಲು ಖಾಲಿ ಜಾಗ ಇಲ್ಲದ್ದರಿಂದ ಅದು ವಿದ್ಯುತ್ ಒಯ್ಯುವುದಿಲ್ಲ. ಸಿಲಿಕಾನಿನಲ್ಲಿ ಆ ಅಂತರ 1.1 ಮಾತ್ರ, ಹಾಗಾಗಿ ಅದು ಅರೆವಾಹಕ.

ಒಂದು ಮೂಲವಸ್ತು ಒಮ್ಮೆ ಲೋಹವಾದರೆ ಯಾವಾಗಲೂ ಲೋಹವೇ?

ಅಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರವನ್ನೇ ತೆಗೆದುಕೊಳ್ಳಿ. ನಾವು ಕಾಣುವ ಬಿಳಿ ತವರ ಲೋಹ. 13.2 ಡಿಗ್ರಿಗಿಂತ ಕೆಳಗೆ ಅದರ ಸ್ಥಿರ ರೂಪವೇ ಬೇರೆ: ವಜ್ರದ ಜೋಡಣೆಯ ಬೂದು ತವರ. ಅಲ್ಲಿ ಪ್ರತಿ ಪರಮಾಣುವಿಗೆ ನಾಲ್ಕೇ ನೆರೆಯವರು, ಬಂಧಗಳು ನಿಶ್ಚಿತ ಜೋಡಿಗಳ ನಡುವೆ. ಸಾಂದ್ರತೆ 7.3ರಿಂದ 5.8ಕ್ಕೆ ಇಳಿಯುತ್ತದೆ, ಲೋಹ ಉಬ್ಬಿ ಪುಡಿಪುಡಿಯಾಗುತ್ತದೆ. ಬದಲಾವಣೆ ಬಹಳ ನಿಧಾನ, ಕಡುಚಳಿ ಇದ್ದರೆ ಮಾತ್ರ ಗಮನಕ್ಕೆ ಬರುತ್ತದೆ. ನಮ್ಮ ಊರುಗಳ ಕಲಾಯಿಗೆ ಅದರ ಭಯವಿಲ್ಲ. ಸಿಲಿಕಾನಿನ ಕಥೆ ಇದಕ್ಕೆ ತಿರುಗುಮುರುಗು: ಘನವಾಗಿದ್ದಾಗ ಅರೆವಾಹಕ, ಕರಗಿಸಿದರೆ ಜೋಡಿಬಂಧಗಳು ಕಳಚಿ ಲೋಹದಂತೆ ವಿದ್ಯುತ್ ಒಯ್ಯುವ ದ್ರವ.

ಹೈಡ್ರೋಜನ್ ಸಹ ಸಾಕಷ್ಟು ಒತ್ತಡದಲ್ಲಿ ಲೋಹವಾಗಬೇಕು ಎಂದು ವಿಗ್ನರ್ ಮತ್ತು ಹಂಟಿಂಗ್ಟನ್ 1935ರಲ್ಲಿ ಹೇಳಿದರು. ಗುರುಗ್ರಹದ ಒಳಭಾಗದಲ್ಲಿ ವಾತಾವರಣದ ಹತ್ತಾರು ಲಕ್ಷ ಪಟ್ಟು ಒತ್ತಡವಿದೆ. ಅಲ್ಲಿ ಹೈಡ್ರೋಜನ್ ಪರಮಾಣುಗಳು ತಮ್ಮ ಒಂದೇ ಒಂದು ಎಲೆಕ್ಟ್ರಾನನ್ನೂ ಸಮೂಹಕ್ಕೆ ಬಿಟ್ಟು ದ್ರವಲೋಹವಾಗಿವೆ ಎಂದು ವಿಜ್ಞಾನಿಗಳು ತಿಳಿಯುತ್ತಾರೆ. ಗುರುವಿನ ಪ್ರಬಲ ಕಾಂತಕ್ಷೇತ್ರ ಹುಟ್ಟುವುದು ಆ ಲೋಹದ ಸುಳಿಗಳಲ್ಲಿ.